ಡೇಲಿಲಿ ನೆಡುವ ದಿನ ಜೂನ್ 5 ಅಲ್ಲ

ಪ್ರತಿ ಜೂನ್ 5ಕ್ಕೆ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಗಿಡ ನೆಡುವ ಕಾರ್ಯಕ್ರಮ. ಮಾವು, ಹಲಸು, ನೇರಳೆಗೆ ಆ ಸಮಯ ಒಳ್ಳೆಯದೇ. ಆದರೆ ಚಂದ ಕಾಣಲಿ ಎಂದು ಅದೇ ದಿನ ಡೇಲಿಲಿಯನ್ನೂ ನೆಡುತ್ತೇವಲ್ಲ, ಅದಕ್ಕೆ ನನ್ನ ವಿರೋಧವಿದೆ.

ನಮ್ಮಲ್ಲೂ ಒಮ್ಮೆ ಹಾಗೆಯೇ ಆಯಿತು. ಆಟಿ ತಿಂಗಳು ಮುಗಿಯುವಷ್ಟರಲ್ಲಿ ಎಲೆ ಹಳದಿ. ಹಿಡಿದೆಳೆದರೆ ಬುಡವೇ ಕೊಳೆತು ಕೈಗೆ ಬಂತು. "ಮಕ್ಕಳು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಮಾತು ಬಂತು. "ನಾವು ದಿನಾ ನೋಡಿದ್ದೇವಲ್ಲ ಟೀಚರೇ?" ಎಂದು ಐದನೆಯ ತರಗತಿಯ ಹುಡುಗಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ಮಕ್ಕಳದಲ್ಲ, ನಮ್ಮ ಕ್ಯಾಲೆಂಡರಿನದ್ದು.

ಇದು ಚೀನಾ, ಜಪಾನ್, ಕೊರಿಯಾ ಕಡೆಯ ಗಿಡ. ಕೆಲವು ಜಾತಿಗಳು ಚಳಿಗಾಲದಲ್ಲಿ ಎಲೆ ಒಣಗಿಸಿ ಮಲಗುತ್ತವೆ. ಚಳಿಯೇ ಇಲ್ಲದ ನಮ್ಮಲ್ಲಿ ಅವು ವರ್ಷ ವರ್ಷ ಸೊರಗುತ್ತವೆ. ವರ್ಷವಿಡೀ ಎಲೆ ಹಸಿರಾಗಿರುವ ಜಾತಿಯೇ ನಮಗೆ ಸರಿ. ನರ್ಸರಿಯಲ್ಲಿ ಬಣ್ಣ ಕೇಳುವ ಮೊದಲು ಇದನ್ನು ಕೇಳಿ. "ದಿನವಿಡೀ ಬಿಸಿಲು ಬೇಕು" ಎಂಬ ಸಲಹೆಯೂ ತಂಪು ದೇಶದವರದ್ದು. ಇಲ್ಲಿ ಬೆಳಗ್ಗಿನ ಬಿಸಿಲು ಸಾಕು, ಮಧ್ಯಾಹ್ನದ ಮೇಲೆ ನೆರಳು ಬೀಳಲಿ. ಕಡು ಕೆಂಪು ಹೂವಂತೂ ಎರಡು ಗಂಟೆಯ ಬಿಸಿಲಿಗೆ ಬೆಂದ ಹಾಗೆ ಆಗುತ್ತದೆ, ಹಳದಿ ತಡೆದುಕೊಳ್ಳುತ್ತದೆ.

ನನ್ನ ಸಲಹೆ ಇಷ್ಟೇ: ತುಲಾಮಳೆ ಕಡಿಮೆಯಾದ ಮೇಲೆ ನವೆಂಬರ್ 14ರ ಮಕ್ಕಳ ದಿನಾಚರಣೆಗೆ ನೆಡಿ. ನೀರು ನಿಲ್ಲದಂತೆ ಅರ್ಧ ಅಡಿ ಎತ್ತರದ ಮಡಿ ಮಾಡಿ, ಮಣ್ಣಿಗೆ ಹಳೆಯ ಹಟ್ಟಿಗೊಬ್ಬರ ಸೇರಿಸಿ. ಬುಡ ಒಂದು ಇಂಚಿಗಿಂತ ಆಳಕ್ಕೆ ಹೋಗಬಾರದು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ. ಈ ಸೆಕೆಯಲ್ಲಿ ಗಾಳಿ ಆಡದಿದ್ದರೆ ಎಲೆಗೆ ತುಕ್ಕು ರೋಗ ಬರುತ್ತದೆ. ಏಳು ತಿಂಗಳು ಬೇರೂರಿದ ಗಿಡ ಎತ್ತರದ ಮಡಿಯಲ್ಲಿದ್ದರೆ ಮಳೆಗಾಲವನ್ನು ತಡೆಯುತ್ತದೆ. ಏಪ್ರಿಲ್-ಮೇ ರಜೆಯ ಚಿಂತೆಯೇ? ದಪ್ಪ ಬೇರುಗಳಲ್ಲಿ ನೀರಿರುತ್ತದೆ. ಬುಡಕ್ಕೆ ತಾಗದಂತೆ ತರಗೆಲೆ ಹಾಸಿ, ಹತ್ತಿರದ ಮನೆಯ ಮಗು ವಾರಕ್ಕೆರಡು ಸಲ ನೀರು ಹಾಕಿದರೆ ಬದುಕುತ್ತದೆ.

ಮರುವರ್ಷ ಹಾಗೆಯೇ ನೆಟ್ಟೆವು. ಬೆಳಗ್ಗೆ ಅರಳಿದ ಹೂ ರಾತ್ರಿಯೊಳಗೆ ಬಾಡುತ್ತದೆ, ಮರುದಿನ ಅದೇ ದಂಟಿನಲ್ಲಿ ಇನ್ನೊಂದು ಮೊಗ್ಗು. ಭಾನುವಾರದ ಹೂವನ್ನು ಯಾರೂ ನೋಡುವುದಿಲ್ಲ. ಸೋಮವಾರ ಮಕ್ಕಳು ಬಾಡಿದ್ದನ್ನು ಎಣಿಸಿ "ನಿನ್ನೆ ಎರಡು ಆಗಿತ್ತು ಟೀಚರೇ" ಎಂದು ವರದಿ ಕೊಡುತ್ತಾರೆ.

ಮುಂದಿನ ಜೂನ್ ಪಟ್ಟಿಯಿಂದ ಡೇಲಿಲಿ ತೆಗೆಯಲು ಹೇಳಿದ್ದೇನೆ. ಅದರ ಬದಲು ಎರಡು ನೇರಳೆ ಜಾಸ್ತಿ ಬರಲಿ.