‘ಎರಡೇ ನಿಮಿಷ’ ಅಂದವರ ಕೈಯಾಗ ಡಿಸ್ಕ್ ಕೊಡಬ್ಯಾಡ್ರಿ

ಇದನ್ನ ಸಿಟ್ಟಿನಾಗ ಬರೀಲಿಕ್ಕತ್ತೇನಿ, ಮೊದ್ಲ ಹೇಳಿಬಿಡ್ತೇನಿ. ಸಂಡಿಗಿ, ಹಪ್ಪಳ, ಉಪ್ಪಿನಕಾಯಿ ಓದ್ಲಿಕ್ಕೆ ಬಂದವರು ಇವತ್ತೊಂದು ದಿವಸ ಹಾರ್ಡ್ ಡಿಸ್ಕಿನ ಪುರಾಣ ಕೇಳ್ರಿ. ಫೋನಿನಾಗಿನ ಫೋಟೋ ಎಲ್ಲಾ ಎಲ್ಲೋ ಒಂದು ಕಡೆ ಕೂಡಿಡೋ ಪ್ರತಿ ಮನಿಗೂ ಇದರ ಸಂಬಂಧ ಅದ.

ನಮ್ಮ ಟಿವಿ ಸ್ಟ್ಯಾಂಡಿನ ಕೆಳಗ ಒಂದು ಕರೇ ಡಬ್ಬಿ ಅದ ಅಲ್ಲ, ‘ಇದು ಇನ್ವರ್ಟರ್ ಏನ್ರಿ ವೈನಿ’ ಅಂತ ನೀವು ಕೇಳ್ತೀರಲ್ಲ, ಅದು ನಮ್ಮ ಮನಿ ಸರ್ವರ್. ನ್ಯಾಸ್ ಅಂತಾರ. ಒಳಗ 4 ಹಾರ್ಡ್ ಡಿಸ್ಕ್ ಸಾಲಾಗಿ ನಿಂತಾವ, ಒಂದೊಂದು 4 ಟಿಬಿದು. ನಮ್ಮ ಮನಿದಷ್ಟ ಅಲ್ಲ, ನಿಮ್ಮಲ್ಲಿ ಎಷ್ಟೋ ಮಂದಿಯ ಮದುವಿ, ಮುಂಜಿವಿ, ಕುಬಸದ ಫೋಟೋನೂ ಅದರಾಗ ಇದ್ವು.

ಹೋದ ವರ್ಷ ದೀಪಾವಳಿ ಮುಗದು ಎಂಟು ದಿವಸಕ್ಕ ನಮ್ಮ ಅಕ್ಕನ ಮಗ ಬಂದಿದ್ದ. ಹೆಸರು ಬ್ಯಾಡ, ಅವನೂ ಇದನ್ನ ಓದ್ತಾನ. ಬೆಂಗಳೂರಿನ ಎಸ್.ಪಿ. ರೋಡಿನಾಗ ಒಂದು ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಂಡಿದ್ದ. ‘ಮೌಶಿ, ನಿನ್ನ ಡಬ್ಬಿಯೊಳಗ ಎರಡೇ ನಿಮಿಷ ಹಾಕಿ ನೋಡ್ತೀನಿ, ಛಲೋ ಅದನೋ ಇಲ್ಲೋ ಗೊತ್ತಾಗ್ತದ’ ಅಂದ. ನಾ ಒಲಿ ಮುಂದ ಒಗ್ಗರಣಿ ಹಾಕ್ಲಿಕ್ಕತ್ತಿದ್ದೆ. ‘ಹೂಂ’ ಅಂದೆ. ಹದಿನೈದು ವರ್ಷ ಆಫೀಸಿನ ಸರ್ವರ್ ರೂಮಿನಾಗ ಕೆಲಸ ಮಾಡಿದಾಕಿ ನಾನು, ನಾನ ‘ಹೂಂ’ ಅಂದೆ. ಅದಕ್ಕ ಈ ಸಿಟ್ಟಿನಾಗ ನನ್ನ ಪಾಲೂ ಅದ.

ಡಬ್ಬಿ ಚಾಲೂ ಇದ್ದಾಗ ಎರಡನೇ ಡಿಸ್ಕ್ ಎಳದ. ಡಬ್ಬಿ ಕಿಂಯ್ ಕಿಂಯ್ ಅಂತ ಒದರ್ಲಿಕ್ಕೆ ಹತ್ತಿತು. ತನ್ನ ಡಿಸ್ಕ್ ಹಾಕಿದ, ಹಸರ ದೀಪ ಹತ್ತಿತು. ‘ಛಲೋ ಅದ ಮೌಶಿ’ ಅಂದು ಅದನ್ನ ತಗದು ನಮ್ಮದನ್ನ ವಾಪಸ್ ಇಟ್ಟ. ಆದ್ರ ಒದರೂದು ನಿಲ್ಲಲಿಲ್ಲ.

ಯಾಕ ನಿಲ್ಲಲಿಲ್ಲ ಅನ್ನೂದು ತಿಳಕೋರಿ. 4 ಡಿಸ್ಕಿನ ಡಬ್ಬಿಯೊಳಗ ನಾವು ರೇಡ್ 5 ಅನ್ನೋ ಪದ್ಧತಿ ಇಟ್ಟಿದ್ವಿ. ಮೂರು ಡಿಸ್ಕಿನಷ್ಟು ಜಾಗ ನಮ್ಮ ಸಾಮಾನಿಗೆ, ಒಂದು ಡಿಸ್ಕಿನಷ್ಟು ಜಾಗ ಲೆಕ್ಕಕ್ಕ. ಒಂದು ಡಿಸ್ಕ್ ಸತ್ತರ ಉಳಿದ ಮೂರನ್ನೂ ಓದಿ, ಆ ಲೆಕ್ಕ ಬಿಡಿಸಿ, ಸತ್ತದ್ದರ ಒಳಗ ಏನಿತ್ತು ಅನ್ನೂದನ್ನ ಮತ್ತ ಬರೀಬಹುದು. ರೇಡ್ ಅನ್ನೋ ಹೆಸರಿಟ್ಟು 1988ರಾಗ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅನ್ನೋ ಮೂವರು ಪ್ರಬಂಧ ಬರದ್ರು. ಸೋವಿ ಡಿಸ್ಕ್ ಭಾಳ ಕೂಡಿಸಿದ್ರ ಒಂದಲ್ಲಾ ಒಂದು ಸಾಯ್ತದ, ಆವಾಗ ಕೆಲಸ ನಿಲ್ಲಬಾರದು ಅನ್ನೂದು ವಿಚಾರ. ಸಾಯೋ ಡಿಸ್ಕಿನ ಸಲುವಾಗಿ ಮಾಡಿದ ಆಸರ ಅದು. ಯಾರೋ ಬಂದು ಎರವಲು ಜಾಗ ಕೇಳಿದ್ರ ಕೊಡ್ಲಿಕ್ಕೆ ಇಟ್ಟದ್ದಲ್ಲ.

ಆ ಎರಡು ನಿಮಿಷದಾಗ ನನ್ನ ಫೋನು ಹಬ್ಬದ ಫೋಟೋ ಡಬ್ಬಿಗೆ ಕಳಸ್ಲಿಕ್ಕತ್ತಿತ್ತು. ಉಳಿದ ಮೂರು ಡಿಸ್ಕಿನ ಮ್ಯಾಲೆ ಹೊಸಾದು ಬರದಾಗಿತ್ತು. ವಾಪಸ್ ಬಂದ ಡಿಸ್ಕಿಗೆ ಅದು ಗೊತ್ತಿಲ್ಲ. ಎರಡೇ ನಿಮಿಷ ಹಳೇದು, ಆದ್ರೂ ಹಳೇದ. ಡಬ್ಬಿ ಅದನ್ನ ನಂಬಲಿಲ್ಲ, ಮೊದಲಿನಿಂದ ಪೂರಾ ಬರೀಬೇಕು ಅಂತ ಹಟ ಹಿಡೀತು. ಯಾವ ಭಾಗ ಬದಲಾತು ಅಂತ ಗುರುತು ಇಟ್ಟುಕೊಂಡು ಅಷ್ಟ ತಿದ್ದಿಕೊಳ್ಳೋ ವ್ಯವಸ್ಥಾನೂ ಇರ್ತಾವ. ನಮ್ಮ ಡಬ್ಬಿಯೊಳಗ ಅದು ಚಾಲೂ ಇರಲಿಲ್ಲ. ಎಳೆಯೂ ಮೊದ್ಲ ಯಾರಾದ್ರೂ ನೋಡಿದ್ರೇನು?

ಈಗ ಲೆಕ್ಕ ಹಾಕ್ರಿ. 4 ಟಿಬಿ ಅಂದ್ರ 40 ಲಕ್ಷ ಎಂಬಿ. ಸೆಕೆಂಡಿಗೆ 150 ಎಂಬಿ ಹಿಡದ್ರೂ ಬರೀಲಿಕ್ಕೆ ಸುಮಾರು ಏಳೂವರಿ ತಾಸು. ಅಷ್ಟೂ ಹೊತ್ತು ಉಳಿದ ಮೂರು ಡಿಸ್ಕ್ ತಲಿಯಿಂದ ಬುಡದ ತನಕಾ ಓದಬೇಕು, ಒಟ್ಟು 12 ಟಿಬಿ. ಸಾದಾ ಡಿಸ್ಕಿನ ಕಾಗದದ ಮ್ಯಾಲೆ ಕಂಪನಿಯವರ ಒಂದು ಮಿತಿ ಬರದಿರ್ತಾರ: ಸುಮಾರು 12.5 ಟಿಬಿ ಓದೂದ್ರಾಗ ಒಂದು ಕಡೆ ಓದ್ಲಿಕ್ಕೆ ಬರದ ಹೋಗಬಹುದು ಅಂತ. ಪ್ರತಿ ಸಲ ಹಂಗ ಆಗ್ತದಂತಲ್ಲ. ಆದ್ರ ಆ ಏಳೂವರಿ ತಾಸಿನಾಗ ಹಂಗಾದ್ರ ಹಿಂದ ನಿಂತು ಹಿಡಿಯೋರು ಯಾರೂ ಇರೂದಿಲ್ಲ.

ನಮ್ಮಲ್ಲಿ ಆತು. ರಾತ್ರಿ ಎರಡರ ಸುಮಾರಿಗೆ ಮೂರನೇ ಡಿಸ್ಕ್ ನಡುವ ಓದೂದು ಬಿಡ್ತು. ಬೆಳಗಾಗೂದ್ರಾಗ ಡಬ್ಬಿ ಕೈ ಎತ್ತಿತು. ‘ಎರಡೇ ನಿಮಿಷ’ ಅಂದವ ಒಳಗ ಮಲಗಿದ್ದ. ಡಬ್ಬಿ ಮುಂದ ಕೂತು ರಾತ್ರಿ ಕಾಯ್ದಾಕಿ ನಾನು.

ಟ್ರೆಜರಿಯೊಳಗ ಇನ್ನೊಂದು ಡಿಸ್ಕಿನಾಗ ನಕಲು ಇತ್ತು, ಹನ್ನೊಂದು ತಿಂಗಳ ಹಳೇದು. ಅದು ನನ್ನ ತಪ್ಪು. ರಿಕವರಿಯವರ ಹತ್ರ ಒಯ್ದ್ವಿ, ಅರ್ಧಾಮರ್ಧಾ ಬಂತು. ಶ್ರಾವಣದಾಗ ಅವ್ವ ಕಟ್ಟಿ ಮ್ಯಾಲೆ ಕೂತು ಬೀಸೋ ಹಾಡು ಹೇಳಿದ್ಲು, ನಾ ಫೋನಿನಾಗ ಹಿಡದು ಡಬ್ಬಿಗೆ ಹಾಕಿ ಫೋನಿನಿಂದ ಅಳಿಸಿದ್ದೆ. ಅದು ಬರಲಿಲ್ಲ. ದಸರಾದ ಮುಂದ ಅವ್ವಗ ಲಕ್ವಾ ಹೊಡದು ಮಾತು ಹೋಗ್ಯದ. ಈಗ ಅದ ಕಟ್ಟಿ ಮ್ಯಾಲೆ ಕೂಡ್ತಾಳ, ನನ್ನ ಮಾರಿ ನೋಡ್ತಾಳ.

ಹುಡುಗನ್ನ ಬೈಯೂದಿಲ್ಲ. ಅವಗ ಈ ಚಟ ಕಲಿಸಿದವರು ಅವನಕಿಂತ ದೊಡ್ಡವರು. ನಮ್ಮ ಆಫೀಸಿನಾಗೂ ಇದ ಕಥಿ ನೋಡೇನಿ. ಅನುಮಾನದ ಡಿಸ್ಕ್ ಒಂದು ಬಂದ್ರ ‘ಆ ಸರ್ವರ್‌ನ್ಯಾಗ ಹಾಕಿ ನೋಡ್ರಿ ಮೇಡಂ’ ಅಂತ ಸಾಹೇಬ್ರು ಬಾಗಿಲದಾಗ ನಿಂತು ಹೇಳಿ ಹೋಗ್ತಾರ. ಬ್ಯಾರೆ ಸರ್ವರಿನಿಂದ ಬಂದ ಡಿಸ್ಕಿಗೆ ರೇಡ್ ಕಾರ್ಡು ‘ಫಾರಿನ್’ ಅಂತ ಹಣಿಪಟ್ಟಿ ಹಚ್ಚಿ, ಇಂಪೋರ್ಟ್ ಮಾಡ್ಲೋ ಕ್ಲಿಯರ್ ಮಾಡ್ಲೋ ಅಂತ ಕೇಳ್ತದ. ಗಡಿಬಿಡಿಯಾಗ ಕ್ಲಿಯರ್ ಒತ್ತಿದ್ರ ಆ ಡಿಸ್ಕಿನ ಕುಲಗೋತ್ರನ ಅಳಿಸಿಹೋಗ್ತದ, ತಾನು ಯಾವ ಗುಂಪಿನಾಗ ಎಷ್ಟನೇದು ಅನ್ನೂದ ಅದಕ್ಕ ಗೊತ್ತಿರೂದಿಲ್ಲ. ಕೆಲವು ಕಾರ್ಡು ಕೇಳೂದೂ ಇಲ್ಲ. ಖಾಲಿ ಜಾಗದಾಗ ಹೊಸಾ ಡಿಸ್ಕ್ ಕಂಡ ಕೂಡ್ಲೆ ಅದರ ಮ್ಯಾಲೆ ಬರೀಲಿಕ್ಕೆ ಶುರು ಮಾಡ್ತಾವ. ಪರೀಕ್ಷಾ ಮಾಡ್ಲಿಕ್ಕೆ ತಂದ ಡಿಸ್ಕಿನಾಗ ಇದ್ದದ್ದೂ ಹೋತು.

ಅದೆಲ್ಲಾ ಬಿಡ್ರಿ, ಇದು ಪರೀಕ್ಷಾ ಹೌದೋ ಅಲ್ಲೋ ಅದನ್ನ ಹೇಳ್ರಿ. ಹಸರ ದೀಪ ಹತ್ತಿದ್ರ ಡಿಸ್ಕ್ ತಿರಗ್ಲಿಕ್ಕತ್ತದ ಅಂತ ಅಷ್ಟ ಅರ್ಥ. ಸಂತ್ಯಾಗ ಬದನೀಕಾಯಿ ಮ್ಯಾಲೆ ಹೊಳೀತದಂತ ಒಳಗ ಹುಳಾ ಇಲ್ಲ ಅಂತೀರೇನು? 4 ಟಿಬಿ ಡಿಸ್ಕ್ ಪೂರಾ ಓದಿ ನೋಡ್ಲಿಕ್ಕೆ ತಾಸುಗಟ್ಟಲೆ ಬೇಕು. ಎರಡು ನಿಮಿಷದಾಗ ಗೊತ್ತಾಗೂದು ಏನೂ ಇಲ್ಲ. ‘ಕೆಟ್ಟದ’ ಅಂತ ಕಂಡದ್ದೂ ಸುಳ್ಳಿರಬಹುದು. ದೊಡ್ಡ ಸ್ಟೋರೇಜ್ ಅರೇಗಳ ಕೆಲವು ಡಿಸ್ಕಿನಾಗ ಸೆಕ್ಟರ್ 512 ಬೈಟಿನ ಬದ್ಲಿ 520 ಬೈಟಿಂದು ಇರ್ತದ. ಅದನ್ನ ತಂದು ಸಾದಾ ಸರ್ವರ್‌ನ್ಯಾಗ ಹಾಕಿದ್ರ ನಡಿಯೂದಿಲ್ಲ. ಡಿಸ್ಕ್ ಕೆಟ್ಟಿಲ್ಲ, ಅದರ ಅಳತಿ ಬ್ಯಾರೆ.

‘ಹಾಟ್ ಸ್ವ್ಯಾಪ್ ಅಂತ ಕಂಪನಿಯವರ ಬರದಾರಲ್ಲ, ಚಾಲೂ ಇದ್ದಾಗ ಎಳೀಬಹುದು’ ಅಂತ ವಾದ ಮಾಡ್ತಾರ. ಎಳೀಬಹುದು, ಖರೇ. ಕೆಟ್ಟ ಡಿಸ್ಕ್ ತಗದು ಛಲೋದು ಹಾಕೂ ಮುಂದ ಮಶೀನ್ ನಿಲ್ಲಿಸಬಾರದು ಅಂತ ಆ ಸೌಲಭ್ಯ. ರೈಲಿನಾಗ ಸರಪಳಿ ಕಟ್ಟಿರ್ತಾರ, ಗಟ್ಟಿ ಅದನೋ ಇಲ್ಲೋ ಅಂತ ಜಗ್ಗಿ ನೋಡ್ತೀವೇನು?

ಪರೀಕ್ಷಾ ಮಾಡಬಾರದು ಅಂತ ನಾ ಅನ್ನೂದಿಲ್ಲ. ಮಾಡೂ ರೀತಿ ಬ್ಯಾರೆ ಅದ. ಒಂದ ಡಿಸ್ಕ್ ನೋಡೂದಿದ್ರ ಹಳೇ ಕಂಪ್ಯೂಟರಿಗೋ, ಯುಎಸ್‌ಬಿ ಡಾಕಿಗೋ ಹಚ್ರಿ. ಸ್ಮಾರ್ಟ್ ಅನ್ನೋ ಅದರ ಆರೋಗ್ಯದ ಪಟ್ಟಿ ತಗದು ಎಷ್ಟು ತಾಸು ಓಡ್ಯದ, ಎಷ್ಟು ಸೆಕ್ಟರ್ ಹಾಳಾಗ್ಯಾವ ನೋಡ್ರಿ. ಆಮ್ಯಾಲೆ ದೊಡ್ಡ ಪರೀಕ್ಷಾ ಹಚ್ಚಿ ರಾತ್ರಿಯೆಲ್ಲಾ ಬಿಡ್ರಿ. ಕಂಪ್ಯೂಟರ್ ‘ಇನಿಷಿಯಲೈಸ್ ಮಾಡ್ಲೇನು’ ಅಂತ ಕೇಳಿದ್ರ, ಒಳಗ ಏನೂ ಇಲ್ಲ ಅಂತ ಗೊತ್ತಾಗೋ ತನಕಾ ಹೂಂ ಅನ್ನಬ್ಯಾಡ್ರಿ.

ಸರ್ವರ್‌ನ್ಯಾಗ ಬ್ಯಾರೆ ಡಿಸ್ಕ್ ಹಾಕಿ ನೋಡೂದು ಬೇಕ ಬೇಕಾದ್ರ, ಮೊದ್ಲ ನಕಲು ಮಾಡ್ರಿ, ನಕಲಿನಿಂದ ಒಂದು ಫೋಟೋ ತಗದು ನೋಡ್ರಿ. ಮಶೀನ್ ಪೂರಾ ಬಂದ್ ಮಾಡ್ರಿ. ಒಂದೊಂದು ಡಿಸ್ಕಿಗೂ 1, 2, 3, 4 ಅಂತ ಚೀಟಿ ಅಂಟಸ್ರಿ. ಆಮ್ಯಾಲೆ ಒಂದ ತಗೀಬ್ಯಾಡ್ರಿ, ಎಲ್ಲಾನೂ ತಗೀರಿ. ನಾಲ್ಕೂ ಕೂಡಿ ಹೊರಗ ಬಂದು ಕೂಡೇ ಅದ ಜಾಗಕ್ಕ ವಾಪಸ್ ಹೋದ್ರ, ಯಾವುದೂ ಹಿಂದ ಬೀಳೂದಿಲ್ಲ. ಒಂದ ಹೊರಗ ಉಳದು ಮೂರು ಕೆಲಸಕ್ಕ ನಿಂತ್ರನ ಗುಂಪು ಒಡೀತದ. ಎಳದು ನೋಡೋ ಹೌಸ್ ಇದ್ದವರು ಡಬ್ಬಿ ತಂದ ಮೊದಲನೇ ದಿವಸ, ಒಳಗ ಏನೂ ಇಲ್ಲದಾಗ ಎಳದು ನೋಡ್ರಿ. ಹೆಂಗ ಒದರ್ತದ, ವಾಪಸ್ ಕೂಡ್ಲಿಕ್ಕೆ ಎಷ್ಟು ತಾಸು ಹಿಡೀತದ ಎಲ್ಲಾ ಅವತ್ತ ಗೊತ್ತಾಗ್ತದ.

ಈಗ ಹೊಸಾ ಡಿಸ್ಕ್ ಹಾಕೇವಿ. ಡಬ್ಬಿ ಬಾಗಿಲಕ್ಕ ಕೀಲಿ ಅದ, ಕೀಲಿ ನನ್ನ ಮಸಾಲಿ ಡಬ್ಬಿಯೊಳಗ ಅದ. ಪ್ರತಿ ಅಮಾವಾಸಿಗೆ ನಕಲು ತಗೀತೇನಿ, ಆ ನಕಲು ತಂಗಿ ಮನ್ಯಾಗ ಇಡ್ತೇನಿ. ಅಕ್ಕನ ಮಗ ಮೊನ್ನೆ ಮತ್ತೊಂದು ಡಿಸ್ಕ್ ತಗೊಂಡು ಬಂದ. ಹಳೇ ಕಂಪ್ಯೂಟರ್ ತೋರಿಸ್ದೆ, ರಾತ್ರಿಯೆಲ್ಲಾ ಅವನನ್ನ ಕೂಡಿಸ್ದೆ. ಬೆಳಿಗ್ಗೆ ನೋಡಿದ್ರ ಆ ಡಿಸ್ಕಿನಾಗ ಹಾಳಾದ ಸೆಕ್ಟರ್ ಸಾಲಾಗಿ ಇದ್ವು. ಹಸರ ದೀಪ ಮಾತ್ರ ಮಸ್ತ್ ಹತ್ತಿತ್ತು.

ನಿಮ್ಮ ಮನಿಗೂ ಯಾರಾದ್ರೂ ಬಂದು ‘ಎರಡೇ ನಿಮಿಷ ಕಾಕು’ ಅಂತಾರ. ಒಲಿ ಮುಂದ ನಿಂತು ಹೂಂ ಅನ್ನಬ್ಯಾಡ್ರಿ. ಒಲಿ ಸಣ್ಣ ಮಾಡಿ ಹೊರಗ ಬಂದು ‘ಇಲ್ಲಪಾ’ ಅನ್ರಿ. ಮತ್ತ ಯಾರ ಕಡೆಯಾದ್ರೂ ನಮ್ಮ ಅವ್ವ ಹಾಡಿದ್ದು ಫೋನಿನಾಗ ಇದ್ರ, ದಯಮಾಡಿ ನನಗ ಕಳಸ್ರಿ.