ನಲ್ಲಿಯ ನೀರು: ಕಾಣುವ ಕರೆ, ಕಾಣದ ಕೇಡು

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡ ಹೋಬಳಿಯ ನೆಲ ಕಗ್ಗಲ್ಲಿನದು. ಬಂಡೆಯ ಬಿರುಕುಗಳಲ್ಲಿ ತಂಗಿದ ನೀರೇ ಕೊಳವೆಬಾವಿಗೆ ಒದಗುತ್ತದೆ. ಕೊಡದೊಳಗಿನ ಬಿಳಿ ಕರೆ, ಬೇಯದ ಬೇಳೆ, ನೊರೆಯೇಳದ ಸಾಬೂನು: ಇವು ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ತರುವ ಗಡಸುತನದ ಗುರುತುಗಳು. ಜನರು ದೂರುವುದು ಇದನ್ನೇ.

ಆದರೆ ಕೊಪ್ಪಳ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿರುವ ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ. ಮಿತಿಮೀರಿದರೆ ಅದು ಹಲ್ಲನ್ನು ಕಂದಿಸುತ್ತದೆ, ಮೂಳೆಯನ್ನು ಬಾಗಿಸುತ್ತದೆ. ಸುಣ್ಣದಂಶ ಕಡಿಮೆಯಿರುವ ಮೆದು ನೀರಿನಲ್ಲಿಯೇ ಅದು ಹೆಚ್ಚು ಕರಗಬಲ್ಲದು, ಕುದಿಸಿದರೂ ಹೋಗದು. ಬೇರೆ ನೀರು ಸಿಗದಿದ್ದಾಗಲೂ ಲೀಟರಿಗೆ ಗಡಸುತನ 600 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ.

ಆದುದರಿಂದ ನಾಲಗೆಯನ್ನು ನಂಬದೆ ಪರೀಕ್ಷೆಯನ್ನು ಕೇಳಬೇಕು. ಪ್ರತಿ ಜಲಮೂಲದ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯು ಊರಿನ ಗೋಡೆಯ ಮೇಲೆ ಬರೆಸಲಿ. ನೀರಿಗೆ ಬರುವವರೆಲ್ಲ ಓದಲಿ.