ನಾನು ಫ್ರಿಟಾಟಾ ಮಗುಚಲ್ಲ

ಹೋದ ಭಾನುವಾರ ಭಾವನವರು ಊಟಕ್ಕೆ ಬಂದಿದ್ದರು. ನಾನು ಓವನ್‌ನಿಂದ ಟ್ರೇ ಹೊರಗೆ ಎಳೆಯುವುದನ್ನೇ ನೋಡ್ತಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವರು, "ಏನಮ್ಮ, ಇದನ್ನ ಫ್ರಿಟಾಟಾ ಅಂತಾರಾ? ಇದು ಮೊಟ್ಟೆ ಕೇಕು" ಅಂದುಬಿಟ್ಟರು. ಅಕ್ಕ ಕಣ್ಣಲ್ಲೇ ಗದರಿದಳು. ಅವರೇನೂ ನಿಲ್ಲಿಸಲಿಲ್ಲ. ಸಣ್ಣ ಉರಿಯಲ್ಲಿ, ಒಲೆ ಮೇಲೇ ಮಾಡಬೇಕಂತೆ. ಒಂದು ಬದಿ ಬೆಂದ ಮೇಲೆ ಬಾಣಲೆಗೆ ತಟ್ಟೆ ಮುಚ್ಚಿ, ಇಡೀ ಬಾಣಲೆಯನ್ನೇ ಬೋರಲು ಹಾಕಿ, ಆಮೇಲೆ ತಟ್ಟೆಯಿಂದ ಮೆಲ್ಲಗೆ ಜಾರಿಸಿ ಇನ್ನೊಂದು ಬದಿ ಬೇಯಿಸಬೇಕಂತೆ. ಮಗುಚದೇ ಇದ್ದರೆ ಅದು ಫ್ರಿಟಾಟಾನೇ ಅಲ್ಲವಂತೆ.

ನಮ್ಮ ಭಾವ ಒಳ್ಳೆಯವರು. ಆದರೆ ಇವತ್ತಿನವರೆಗೂ ತಮ್ಮ ಕಾಫಿ ತಾವೇ ಬೆರೆಸಿಕೊಂಡವರಲ್ಲ. ಅಂಥವರಿಗೆ ಇಟಲಿಯವರು ಮೊಟ್ಟೆ ಹೇಗೆ ಬೇಯಿಸಬೇಕು ಅನ್ನುವ ಬಗ್ಗೆ ಮಾತ್ರ ಇಷ್ಟು ಖಚಿತವಾದ ಅಭಿಪ್ರಾಯ ಹೇಗೆ ಹುಟ್ಟುತ್ತೆ ಅಂತ ನನಗೆ ಆಶ್ಚರ್ಯ. ಮನೆಗೆ ಬಂದವರ ಎದುರು ಜಗಳ ಬೇಡ ಅಂತ ಅವತ್ತು ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ರಿಟಾಟಾ ಅಂದ್ರೆ ದಪ್ಪನೆಯ ಆಮ್ಲೆಟ್ ಅಂದುಕೊಳ್ಳಿ, ಆದರೆ ಮಡಚುವ ಹಾಗಿಲ್ಲ. ತರಕಾರಿ ಮೇಲೆ ಉದುರಿಸೋದಲ್ಲ, ಮೊಟ್ಟೆಯ ಜೊತೆಗೇ ಬೆರೆತು ಬೇಯುತ್ತೆ. ತುಂಡು ಮಾಡಿ ತಿನ್ನೋದು. ಬಿಸಿಯಾಗಿ ತಿನ್ನಬಹುದು, ಆರಿದ ಮೇಲೆ ಬ್ರೆಡ್ಡಿನ ನಡುವೆ ಇಟ್ಟು ಡಬ್ಬಿಗೂ ಹಾಕಬಹುದು. ಇಟಲಿಯವರು ಹಾಗೂ ತಿಂತಾರೆ, ಹೀಗೂ ತಿಂತಾರೆ.

ಭಾವನವರ ದೊಡ್ಡ ಅಸ್ತ್ರ ಹೆಸರು. ಇಟಾಲಿಯನ್ ಭಾಷೆಯಲ್ಲಿ ಫ್ರಿಜ್ಜೆರೆ ಅಂದ್ರೆ ಎಣ್ಣೆಯಲ್ಲಿ ಕರಿಯೋದು, ಹುರಿಯೋದು. ಫ್ರಿಟಾಟಾ ಆ ಪದದಿಂದಲೇ ಬಂದದ್ದು. ಆದ್ದರಿಂದ ಓವನ್‌ಗೆ ಇಟ್ಟ ಕೂಡಲೇ ಹೆಸರು ಸುಳ್ಳಾಯಿತು ಅನ್ನೋದು ಅವರ ವಾದ. ಸರಿ ಭಾವ, ಬಿಸಿಬೇಳೆಬಾತ್ ಆರಿ ತಣ್ಣಗಾದರೆ ನೀವು ಅದಕ್ಕೆ ಬೇರೆ ನಾಮಕರಣ ಮಾಡ್ತೀರಾ? ಹೋಗಲಿ, ಇಟಲಿಗೇ ಬರೋಣ. ನೇಪಲ್ಸಿನಲ್ಲಿ ಸ್ಕಮ್ಮಾರೋ ಅನ್ನುವ ಒಂದು ಫ್ರಿಟಾಟಾ ಇದೆ. ಶಾವಿಗೆಯಂಥ ಪಾಸ್ತಾ, ಆಲಿವ್, ಕೇಪರ್, ಒಣದ್ರಾಕ್ಷಿ ಹಾಕಿ ಮಾಡೋದು. ಕೆಲವರು ಆಂಚೋವಿ ಮೀನೂ ಸೇರಿಸ್ತಾರೆ. ಅದರಲ್ಲಿ ಇಲ್ಲದಿರೋದು ಒಂದೇ, ಮೊಟ್ಟೆ! ಕ್ರೈಸ್ತರ ಉಪವಾಸದ ದಿನಗಳಿಗೆ ಅಂತ ಹುಟ್ಟಿದ ತಿಂಡಿ ಅದು. ಮೊಟ್ಟೆಯೇ ಇಲ್ಲದ್ದನ್ನು ಅಲ್ಲಿಯವರು ಫ್ರಿಟಾಟಾ ಅಂತ ಕರೆದು ತಿಂತಾರೆ. ಎಂಟು ಮೊಟ್ಟೆ ಒಡೆದು ಹಾಕಿದ ನನ್ನದಕ್ಕೆ ಮಾತ್ರ ಬೆಂಗಳೂರಲ್ಲಿ ಸರ್ಟಿಫಿಕೇಟ್ ಇಲ್ಲ.

ನಾನು ಎರಡು ವರ್ಷ ಟುರಿನ್‌ನಲ್ಲಿ ಓದಿದವಳು. ನಾವು ಮೂವರು ಹುಡುಗಿಯರು ಬಾಡಿಗೆಗಿದ್ದ ಮನೆಯ ಒಡತಿ ಮೇಲಿನ ಮಹಡಿಯಲ್ಲೇ ಇದ್ದರು. ಎಪ್ಪತ್ತು ದಾಟಿದ ಹೆಂಗಸು, ಒಬ್ಬರೇ. ರಾತ್ರಿ ಪಾಸ್ತಾ ಉಳಿದರೆ ಮಾರನೇ ದಿನ ಅದಕ್ಕೆ ಎರಡು ಮೊಟ್ಟೆ ಒಡೆದು, ಚೀಸ್ ತುರಿದು ಹಾಕಿ, ಒಲೆ ಮೇಲೆ ಫ್ರಿಟಾಟಾ ಮಾಡಿಕೊಳ್ಳೋರು. ಪಾತ್ರೆ ಮುಚ್ಚಳದ ಮೇಲೆ ಟಪ್ಪಂತ ಮಗುಚಿ ಹಾಕೋರು, ನೋಡೋಕೆ ಚೆಂದ. ಅದು ಅವರ ಚಿತ್ರಾನ್ನ ಅಂತ ನನಗೆ ಆಗಲೇ ಅನ್ನಿಸಿತ್ತು. ಉಳಿದದ್ದಕ್ಕೆ ಮರುಜೀವ ಕೊಡುವ ತಿಂಡಿ.

ಆದರೆ ಈಸ್ಟರಿನ ಮರುದಿನ ಅಲ್ಲಿ ಪಾಸ್ಕ್ವೆತ್ತಾ ಅಂತ ರಜಾ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬಯಲಿಗೆ ಹೊರಡುತ್ತೆ. ಅವತ್ತು ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಬಂದಿದ್ದರು. ನಮ್ಮನ್ನೂ ಕರೆದಿದ್ದರು, ಪೋ ನದಿ ದಂಡೆಯ ವಾಲೆಂಟೀನೋ ಪಾರ್ಕಿಗೆ. ಬೆಳಿಗ್ಗೆ ಸಹಾಯಕ್ಕೆ ಅಂತ ಮೇಲೆ ಹೋದರೆ ಆಗಲೇ ಎರಡು ದೊಡ್ಡ ಟ್ರೇ ಫ್ರಿಟಾಟಾ ಓವನ್ ಒಳಗಿತ್ತು. ಆ ಅಜ್ಜಿ ಕುರ್ಚಿ ಮೇಲೆ ಕೂತು ಕಾಫಿ ಕುಡೀತಿದ್ದರು. ಇವತ್ತು ಮಗುಚಲ್ವಾ ಅಂತ ಕೇಳಿದೆ. ಹನ್ನೊಂದು ಜನ ಬರ್ತಿದಾರೆ, ನನಗೇನು ಹುಚ್ಚಾ ಅಂದರು. ಓವನ್‌ನಲ್ಲಿ ಮಾಡಿದ್ದಕ್ಕೆ ಅವರು ಫ್ರಿಟಾಟಾ ಅಲ್ ಫೋರ್ನೋ ಅಂತಿದ್ದರು. ಫೋರ್ನೋ ಅಂದ್ರೆ ಓವನ್, ಅಷ್ಟೇ. ಯಾರೂ ಅದನ್ನು ಕೇಕು ಅನ್ನಲಿಲ್ಲ.

ಪುಸ್ತಕದ ಸಾಕ್ಷಿ ಬೇಕು ಅನ್ನೋರಿಗೆ ಅದೂ ಇದೆ. ಇಟಲಿಯಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ನೆಲೆಸಿ, ಅಮೆರಿಕದವರಿಗೆ ಇಟಾಲಿಯನ್ ಅಡುಗೆ ಕಲಿಸಿದ ಮಾರ್ಚೆಲ್ಲಾ ಹಜಾನ್ 1973ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಹೇಳುವ ವಿಧಾನದಲ್ಲೂ ಮಗುಚೋದಿಲ್ಲ. ಒಲೆಯ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಿ, ಮೇಲ್ಭಾಗ ಗಟ್ಟಿಯಾಗೋಕೆ ಅಂತ ಕೊನೆಗೆ ಓವನ್ನಿನ ಮೇಲುರಿಯ ಕೆಳಗೆ ಒಂದು ಕ್ಷಣ ಹಿಡಿಯೋದು. ಹಾಗೆ ಮಾಡಿದ್ದೂ ಫ್ರಿಟಾಟಾನೇ.

ಇನ್ನು ಪೆಲ್ಲೆಗ್ರೀನೋ ಆರ್ತೂಸಿ. 1891ರಲ್ಲಿ ತನ್ನದೇ ಖರ್ಚಿನಲ್ಲಿ ಅಡುಗೆ ಪುಸ್ತಕ ಅಚ್ಚು ಹಾಕಿಸಿದ ಮಹಾನುಭಾವ. ಇವತ್ತಿಗೂ ಇಟಲಿಯ ಮನೆಮನೆಯಲ್ಲಿ ಆ ಪುಸ್ತಕ ಇರುತ್ತೆ. ಫ್ರಿಟಾಟಾ ಬಗ್ಗೆಯೂ ಬರೆದಿದ್ದಾನೆ. ಆದರೆ ನನಗೆ ಅವನ ಬಗ್ಗೆ ಇಷ್ಟವಾಗುವ ಸಂಗತಿ ಅದಲ್ಲ. ಅವನ ಅಡುಗೆಮನೆಯಲ್ಲಿ ಒಲೆ ಮುಂದೆ ನಿಂತವರು ಮರಿಯೆತ್ತಾ ಸಬಾತೀನಿ ಮತ್ತು ಫ್ರಾನ್ಚೆಸ್ಕೋ ರುಫ್ಫಿಲ್ಲಿ ಅನ್ನುವ ಇಬ್ಬರು ಕೆಲಸದವರು. ಸಾಯುವಾಗ ಪುಸ್ತಕದ ಹಕ್ಕನ್ನು ಅವರಿಬ್ಬರಿಗೇ ಬರೆದಿಟ್ಟು ಹೋದ. ಅಡುಗೆಯ ಬಗ್ಗೆ ಮಾತಾಡುವ ಎಷ್ಟು ಗಂಡಸರಿಗೆ ಒಲೆ ಮುಂದೆ ಯಾರು ನಿಂತಿದ್ದಾರೆ ಅನ್ನೋದು ಕಾಣುತ್ತೆ ಹೇಳಿ?

ನನ್ನ ಜಗಳ ಇರೋದೇ ಇಲ್ಲಿ.

ನಾವು ಹಾಸನದ ಕಡೆಯವರು. ಮನೆಯಲ್ಲಿ ಆರು ಜನ. ಭಾನುವಾರ ಆಮ್ಲೆಟ್. ಮೊದಲನೆಯದು ಅಪ್ಪನಿಗೆ, ಎರಡು ಮೊಟ್ಟೆಯದು. ಆಮೇಲೆ ಚಿಕ್ಕಪ್ಪನಿಗೆ, ಅವರಿಗೂ ಎರಡು. ಆಮೇಲೆ ನಾವು ಮೂರು ಮಕ್ಕಳು, ಒಂದೊಂದು ಮೊಟ್ಟೆಯದು. ಅವ್ವ ಒಲೆ ಮುಂದೆ ನಿಂತೇ ಇರೋಳು. ಒಂದು ಕಾವಲಿ, ಒಂದು ಸಲಕ್ಕೆ ಒಂದು ಆಮ್ಲೆಟ್. ಕೂತವರ ತಟ್ಟೆಗೆ ಬಿಸಿಬಿಸಿ ಬೀಳಬೇಕು. "ಇನ್ನೊಂದು ಹಾಕೇ" ಅಂತ ನಡುಮನೆಯಿಂದ ಕೂಗು. ನಮ್ಮದೆಲ್ಲ ಮುಗಿದು ಕೈ ತೊಳೆಯುವ ಹೊತ್ತಿಗೆ ಅವ್ವ ಅಡುಗೆಮನೆಯಲ್ಲೇ ಕೂತು ರಾತ್ರಿಯ ಮುದ್ದೆ, ಸಾರು ತಿನ್ನೋಳು. ಅವ್ವನಿಗೆ ಮೊಟ್ಟೆ ಸೇರಲ್ಲ ಅಂತ ನಾನು ಕಾಲೇಜಿಗೆ ಹೋಗೋವರೆಗೂ ನಂಬಿದ್ದೆ. ಡಜನ್ ಮೊಟ್ಟೆ ತಂದರೆ ವಾರಕ್ಕೆ ಎಷ್ಟು ಸಲ ಬರುತ್ತೆ ಅನ್ನುವ ಲೆಕ್ಕ ಅವಳ ತಲೆಯಲ್ಲಿತ್ತು. ಆ ಲೆಕ್ಕದಲ್ಲಿ ಅವಳು ಇರಲಿಲ್ಲ.

ದೋಸೆಯದ್ದೂ ಇದೇ ಕತೆ, ನಿಮ್ಮ ಮನೆಯಲ್ಲೂ ಇದೇ ಇರುತ್ತೆ. ಒಂದೊಂದೇ ಬೇಯುವ ತಿಂಡಿಯಲ್ಲಿ ಬೇಯಿಸುವವರು ಕೊನೆಗೇ ಕೂರಬೇಕು. ಏಳು ಜನರಿಗೆ ಒಲೆ ಮೇಲೆ ಫ್ರಿಟಾಟಾ ಮಾಡಬೇಕು ಅಂದ್ರೆ ಎರಡು ಸಲ, ಮೂರು ಸಲ ಮಗುಚಬೇಕು. ಎಂಟು ಮೊಟ್ಟೆಯ ಬೀಡಿನ ಬಾಣಲೆಯನ್ನು ಒಂದೇ ಕೈಯಲ್ಲಿ ಎತ್ತಿ ಬೋರಲು ಹಾಕಿ ನೋಡಿ, ಮಣಿಕಟ್ಟು ಹೇಳುತ್ತೆ. ಶುದ್ಧ ಪದ್ಧತಿ ಅಂತ ಹೇಳುವವರು ಮಣಿಕಟ್ಟು ಮಾತ್ರ ಬೇರೆಯವರದು ಇಟ್ಕೊಂಡಿರ್ತಾರೆ.

ಓವನ್‌ಗೆ ಇಟ್ಟರೆ? ಎಂಟು ಮೊಟ್ಟೆ ಒಡೆದು ಫೋರ್ಕಿನಲ್ಲಿ ಕಲಕಿ. ಬಿಳಿ, ಹಳದಿ ಬೆರೆತರೆ ಸಾಕು, ನೊರೆ ಬರಿಸಬೇಡಿ. ಈ ಮಾತು ಆರ್ತೂಸಿಯದೂ ಹೌದು. ಗಾಳಿ ತುಂಬಿದರೆ ಓವನ್‌ನಲ್ಲಿ ಉಬ್ಬಿ, ಹೊರಗೆ ಬಂದ ಮೇಲೆ ಕುಸಿಯುತ್ತೆ. ಕಾಲು ಲೋಟ ಹಾಲು, ಉಪ್ಪು, ಮೆಣಸು, ಒಂದು ಹಿಡಿ ತುರಿದ ಚೀಸ್. ಒಂದು ಹಿಡಿ ಅಂದ್ರೆ ಒಂದು ಹಿಡಿ. ಕೆಲವರು ಕ್ರೀಮ್ ಸುರಿದು, ಕಾಲು ಕೆಜಿ ಚೀಸ್ ಹಾಕಿ, ದುಬಾರಿ ಪುಟಾಣಿ ಟೊಮೆಟೊ ಹುಡುಕಿ ತಂದು ಇದನ್ನ ಮದುವೆ ಊಟ ಮಾಡಿಟ್ಟಿದ್ದಾರೆ. ಬಡವರ ಮನೆಯ ತಿಂಡಿಗೆ ನಾವು ಸೂಪರ್‌ಮಾರ್ಕೆಟ್ಟಿನಲ್ಲಿ ಸಾವಿರ ರೂಪಾಯಿ ಬಿಲ್ ಮಾಡಿಸೋದು, ಅಲ್ಲಿಯವರು ಕೇಳಿದರೆ ನಗ್ತಾರೆ.

ತರಕಾರಿ ಹಸಿಯಾಗಿ ಹಾಕಬೇಡಿ. ಈರುಳ್ಳಿ ಬಾಡಿಸಿ. ಆಲೂಗಡ್ಡೆ ಬೇಯಿಸಿ. ಪಾಲಕ್ ಆದರೆ ಬಾಡಿಸಿ, ಆರಿಸಿ, ಕೈಯಲ್ಲಿ ಗಟ್ಟಿಯಾಗಿ ಹಿಂಡಿ. ಹಿಂಡದೇ ಇದ್ದರೆ ಆ ನೀರೆಲ್ಲ ಟ್ರೇ ತಳದಲ್ಲಿ ನಿಲ್ಲುತ್ತೆ, ಆಮೇಲೆ ಓವನ್ ಸರಿ ಇಲ್ಲ ಅಂತ ಬಯ್ಕೋತೀರಿ. ನಿನ್ನೆಯ ಆಲೂಗಡ್ಡೆ ಪಲ್ಯ ಉಳಿದಿದ್ದರೆ ಅದೂ ನಡೆಯುತ್ತೆ, ಸಾಸಿವೆ ಒಗ್ಗರಣೆ ಸಮೇತ. ಒಂಬತ್ತು ಇಂಚಿನ ಕೇಕ್ ಟಿನ್ನಿಗೆ ಎಣ್ಣೆ ಸವರಿ, ತಳಕ್ಕೆ ಬೆಣ್ಣೆ ಕಾಗದ ಹಾಕಿ, ತರಕಾರಿ ಹರಡಿ, ಮೇಲೆ ಮೊಟ್ಟೆ ಸುರಿಯಿರಿ. ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿ, 20ರಿಂದ 25 ನಿಮಿಷ. ಪ್ಲಾಸ್ಟಿಕ್ ಹಿಡಿಯ ನಾನ್‌ಸ್ಟಿಕ್ ಬಾಣಲೆಯನ್ನ ದಯವಿಟ್ಟು ಒಳಗೆ ಇಡಬೇಡಿ, ನಾನು ಇಟ್ಟು ಒಂದು ವಾರ ಅಡುಗೆಮನೆಯಲ್ಲಿ ಆ ವಾಸನೆ ಕುಡಿದಿದ್ದೀನಿ. ಟ್ರೇ ಅಲುಗಿಸಿದಾಗ ಅಂಚು ಗಟ್ಟಿಯಾಗಿದ್ದು, ನಟ್ಟನಡುವೆ ಮಾತ್ರ ಸ್ವಲ್ಪ ನಡುಗ್ತಿರಬೇಕು. ಆಗಲೇ ತೆಗೆಯಿರಿ. ಒಳಗಿನ ಶಾಖಕ್ಕೆ ಉಳಿದದ್ದು ತಾನೇ ಬೇಯುತ್ತೆ. ಪೂರ್ತಿ ಗಟ್ಟಿಯಾಗಲಿ ಅಂತ ಕಾದರೆ ರಬ್ಬರು, ಮೇಲೆ ನೀರು ಬೇರೆ ಬಿಡುತ್ತೆ.

ಭಾವನವರ ಕಡೆಗೂ ಒಂದಿಷ್ಟು ನ್ಯಾಯ ಇದೆ, ಇಲ್ಲ ಅನ್ನಲ್ಲ. ಬಾಣಲೆಯಲ್ಲಿ ಮಾಡಿದಾಗ ತಳಕ್ಕೆ ಬರುವ ಆ ಕೆಂಪು, ಆ ಗರಿಗರಿ ಓವನ್‌ನಲ್ಲಿ ಬರಲ್ಲ. ಕರೆಂಟೂ ಖರ್ಚು. 1500 ವಾಟಿನ ಓವನ್ ಕಾಯಿಸೋದೂ ಸೇರಿ ಮುಕ್ಕಾಲು ಯೂನಿಟ್ಟಿನಿಂದ ಒಂದು ಯೂನಿಟ್ ತಿನ್ನುತ್ತೆ. ಒಬ್ಬರೇ ಇದ್ದರೆ, ಇಬ್ಬರೇ ಇದ್ದರೆ ಒಲೆ ಮೇಲೇ ಮಾಡ್ಕೊಳ್ಳಿ, ಖುಷಿಯಾಗಿ ಮಗುಚಿ. ಅಂದಹಾಗೆ ಇಟಾಲಿಯನ್ನರಲ್ಲಿ "ಫ್ರಿಟಾಟಾ ಮಗುಚೋದು" ಅಂತ ಒಂದು ನುಡಿಗಟ್ಟೇ ಇದೆ. ಮಾತನ್ನು ತಿರುಚಿ ತಪ್ಪನ್ನು ಎದುರಿನವರ ಮೇಲೆ ಹಾಕೋದು ಅಂತ ಅರ್ಥ. ಭಾವನವರು ಆ ವಿದ್ಯೆಯಲ್ಲಿ ಚೆನ್ನಾಗಿಯೇ ಪಳಗಿದ್ದಾರೆ.

ಹೋದ ಭಾನುವಾರ ನಾವು ಏಳು ಜನ. ಟ್ರೇ ಹೊರಗೆ ತೆಗೆದು, ಹತ್ತು ನಿಮಿಷ ಆರೋಕೆ ಬಿಟ್ಟು, ಎಂಟು ತುಂಡು ಮಾಡಿದೆ. ಎಲ್ಲವೂ ಒಂದೇ ಅಳತೆ. ಏಳೂ ಜನ ಒಟ್ಟಿಗೇ ಕೂತೆವು. ಅವ್ವ ಅಭ್ಯಾಸಬಲದಿಂದ "ನೀವು ತಿನ್ನಿ, ನಾನು ಆಮೇಲೆ" ಅಂತ ಎದ್ದಳು. ಆಮೇಲೆ ಮಾಡೋಕೆ ಅಡುಗೆಮನೆಯಲ್ಲಿ ಏನೂ ಇರಲಿಲ್ಲ, ಮತ್ತೆ ಬಂದು ಕೂತಳು. ತನ್ನ ತುಂಡು ಮುಗಿಸಿ, ಉಳಿದಿದ್ದ ಎಂಟನೆಯದನ್ನು ಒಂದು ಸಲ ನೋಡಿ, ಯಾರಿಗೂ ಬೇಡ್ವಾ ಅಂತ ಕೇಳಿ, ತಾನೇ ಹಾಕಿಕೊಂಡಳು.

"ಉಪ್ಪು ಸರಿಯಾಗದೆ. ಖಾರ ಏನೂ ಸಾಲ್ದು. ಮುಂದಿನ ಸಲ ಎರಡು ಹಸಿಮೆಣಸಿನಕಾಯಿ ಹೆಚ್ಚಿ ಹಾಕು" ಅಂದಳು.

ಹಾಕ್ತೀನಿ. ಅದಕ್ಕೂ ಭಾವ ತಕರಾರು ತೆಗೀತಾರೆ, ತೆಗೀಲಿ.